ಮೊದಲು ಬಚ್ಚಲುಮನೆ, ಅನಂತರ ಛಾವಣಿ: ಗೋಣಿಬೀಡಿನ ಮನೆಗೊಂದು ಸೌರಶಕ್ತಿಯ ಲೆಕ್ಕ

ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು 2024ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಬಳಿಕ ಮೂಡಿಗೆರೆ, ಕಳಸ, ಗೋಣಿಬೀಡು ಭಾಗದ ವರ್ತಕ ಬಾಂಧವರು ಲೆಕ್ಕಪತ್ರದ ಕೆಲಸಕ್ಕೆ ಬಂದಾಗ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಮನೆಯ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ ಹಾಕಿದ ಹಣ ಎಷ್ಟು ವರ್ಷಕ್ಕೆ ಹಿಂದಿರುಗುತ್ತದೆ?” ಮಾರಾಟಗಾರರು ಇದಕ್ಕೆ ಸಿದ್ಧ ಉತ್ತರವನ್ನು ಇಟ್ಟುಕೊಂಡಿರುತ್ತಾರೆ. ಆದರೆ ಆ ಉತ್ತರವು ಬಯಲುಸೀಮೆಯ ಬಿಸಿಲನ್ನೂ ಪಟ್ಟಣದ ವಿದ್ಯುತ್ ಬಳಕೆಯನ್ನೂ ಆಧರಿಸಿದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣುವುದೇ ಅಪರೂಪವಾದ, ಮನೆಯ ಸುತ್ತ ಸಿಲ್ವರ್ ಓಕ್ ಬೆಳೆದು ನಿಂತ, ಗಾಳಿಮಳೆಗೆ ತಂತಿ ಹರಿದರೆ ಎರಡು ಮೂರು ದಿನ ಕರೆಂಟು ಬಾರದ ನಮ್ಮ ಹೋಬಳಿಗೆ ಅದು ಹಾಗೆಯೇ ಅನ್ವಯಿಸುವುದಿಲ್ಲ. ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಛಾವಣಿಯದ್ದಲ್ಲ, ಬಚ್ಚಲುಮನೆಯದ್ದು.

ಬಿಸಿನೀರಿನ ನಿಜವಾದ ವೆಚ್ಚ

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಒಂದು ಕಿಲೋಕ್ಯಾಲರಿ ಶಾಖ ಬೇಕು. ಒಂದು ಯೂನಿಟ್ ವಿದ್ಯುತ್ತಿನಲ್ಲಿರುವುದು 860 ಕಿಲೋಕ್ಯಾಲರಿ. ಐದು ಜನರಿರುವ ಮನೆಯಲ್ಲಿ ತಲಾ ಎರಡು ಬಕೆಟ್‌ನಂತೆ ದಿನಕ್ಕೆ 150 ಲೀಟರ್ ಬೆಚ್ಚನೆಯ ನೀರು ಖರ್ಚಾಗುತ್ತದೆಂದು ಹಿಡಿಯೋಣ. ತೊಟ್ಟಿಯ ನೀರು 20 ಡಿಗ್ರಿಯಲ್ಲಿದ್ದು ಸ್ನಾನಕ್ಕೆ 40 ಡಿಗ್ರಿ ಬೇಕೆಂದಾದರೆ ದಿನಕ್ಕೆ 3,000 ಕಿಲೋಕ್ಯಾಲರಿ, ಅಂದರೆ ಸುಮಾರು 3.5 ಯೂನಿಟ್. ಸ್ವಿಚ್ ಆರಿಸದೆ ಬಿಟ್ಟ ಗೀಸರಿನಿಂದ ಸೋರಿಹೋಗುವ ಶಾಖವನ್ನೂ ಸೇರಿಸಿದರೆ ತಿಂಗಳಿಗೆ ಹತ್ತಿರ ಹತ್ತಿರ 125 ಯೂನಿಟ್ ಆಗುತ್ತದೆ. ದೀಪ, ಫ್ಯಾನು, ಟಿ.ವಿ., ಫ್ರಿಜ್ಜುಗಳೆಲ್ಲ ಸೇರಿ ಅಷ್ಟೇ ಖರ್ಚು ಮಾಡುವ ಮನೆಗಳು ನಮ್ಮಲ್ಲಿ ಬಹಳಷ್ಟಿವೆ. ಅಂದಮೇಲೆ ಬಿಲ್ಲಿನ ಅರ್ಧಭಾಗ ಬಚ್ಚಲಿಗೆ ಹೋಗುತ್ತಿದೆ.

2025ರ ಏಪ್ರಿಲ್‌ನಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಗೃಹಬಳಕೆಯ ದರ ಯೂನಿಟ್ಟಿಗೆ ರೂ. 5.80. ತೆರಿಗೆ ಮತ್ತು ಪಿಂಚಣಿ ಸರ್‌ಚಾರ್ಜ್ ಸೇರಿಸಿ ಲೆಕ್ಕದ ಅನುಕೂಲಕ್ಕಾಗಿ ರೂ. 6.50 ಎಂದಿಟ್ಟುಕೊಳ್ಳೋಣ. ಆಗ 125 ಯೂನಿಟ್ಟಿಗೆ ತಿಂಗಳಿಗೆ ರೂ. 812, ವರ್ಷಕ್ಕೆ ರೂ. 9,750 ತಗಲುತ್ತದೆ. ಗ್ಯಾಸ್ ಗೀಸರ್ ಬಳಸಿದರೆ ಅಷ್ಟೇ ನೀರಿಗೆ ತಿಂಗಳಿಗೆ ಸುಮಾರು 10.5 ಕೆ.ಜಿ. ಅನಿಲ ಬೇಕು, ಸಿಲಿಂಡರಿಗೆ ರೂ. 900 ಹಿಡಿದರೂ ರೂ. 665 ಆಗುತ್ತದೆ. ಉಳಿತಾಯ ಅಲ್ಪ. ಮೇಲಾಗಿ ಗ್ಯಾಸ್ ಗೀಸರನ್ನು ಮುಚ್ಚಿದ ಸ್ನಾನದ ಕೋಣೆಯೊಳಗೆ ಕೂಡಿಸುವುದು ಪ್ರಾಣಾಪಾಯ. ಅದು ಹೊರಗೋಡೆಯ ಮೇಲೆ, ಗಾಳಿಯಾಡುವ ಕಡೆಯಲ್ಲೇ ಇರಬೇಕು.

ಇನ್ನು ನಮ್ಮ ಹಂಡೆಯ ವಿಷಯ. “ಸೌದೆಗೇನು, ತೋಟದ್ದೇ ಇದೆ, ದುಡ್ಡಿಲ್ಲ” ಎಂಬ ಮಾತನ್ನು ಲೆಕ್ಕಿಗನಾಗಿ ನಾನು ಒಪ್ಪಲಾರೆ. ಒಣಸೌದೆಯ ಒಂದು ಕಿಲೋದಲ್ಲಿ ಸುಮಾರು 3,800 ಕಿಲೋಕ್ಯಾಲರಿ ಶಾಖವಿದೆ. ಹಳೆಯ ಬಾಯಿ ತೆರೆದ ಒಲೆಯಲ್ಲಿ ಅದರ ಎಂಟನೆಯ ಒಂದು ಪಾಲು ನೀರಿಗೆ ಸೇರಿದರೆ ಹೆಚ್ಚು. ಹಾಗಾಗಿ ಮೇಲಿನ 150 ಲೀಟರಿಗೆ ದಿನಕ್ಕೆ ಆರೂವರೆ ಕಿಲೋ, ತಿಂಗಳಿಗೆ ಎರಡು ಕ್ವಿಂಟಾಲ್ ಸೌದೆ ಬೇಕು. ಮರಗಸಿಯಲ್ಲಿ ಇಳಿದ ಕೊಂಬೆ ಪುಕ್ಕಟೆಯಾದರೂ ಅದನ್ನು ಕಡಿದು, ಸೀಳಿ, ಹೊತ್ತು ತಂದು, ಕೊಟ್ಟಿಗೆಯಲ್ಲಿ ಒಟ್ಟುವ ಆಳಿನ ಕೂಲಿ ಪುಕ್ಕಟೆಯಲ್ಲ. ಕಾಫಿ ಕೊಯ್ಲಿನ ಸಮಯದಲ್ಲಂತೂ ಆಳೇ ಸಿಗುವುದಿಲ್ಲ. ಹೊಗೆ ಕುಡಿಯುವವರು ಮನೆಯ ಹೆಂಗಸರು ಎಂಬುದನ್ನು ಯಾವ ಖಾತೆಗೆ ಬರೆಯುವುದು?

ಆದರೆ ಒಲೆಯನ್ನು ತಿದ್ದಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಹೊಗೆಕೊಳವೆಯ ಒಲೆಯ ಹೆಸರನ್ನು ಹಿರಿಯ ಓದುಗರು ಬಲ್ಲರು. ಬೆಂಕಿಯನ್ನು ಹಂಡೆಯ ಸುತ್ತ ಸುತ್ತಿಸಿ, ಹೊಗೆಯನ್ನು ಹೊರಗೆ ಕಳುಹಿಸುವ ಅದೇ ತತ್ತ್ವದಲ್ಲಿ ಬಚ್ಚಲ ಒಲೆಯನ್ನು ಕಟ್ಟಿಸಿದರೆ ಸೌದೆ ಅರ್ಧಕ್ಕೂ ಕಡಿಮೆಯಾಗುತ್ತದೆ. ಮೂರನೆಯ ಒಂದು ಪಾಲು ಶಾಖ ನೀರಿಗೆ ಸೇರುವಂತಾದರೆ ದಿನಕ್ಕೆ ಎರಡೂವರೆ ಕಿಲೋ ಸಾಕು.

ನನ್ನ ಅಭಿಪ್ರಾಯದಲ್ಲಿ ಮಲೆನಾಡಿಗೆ ಒಪ್ಪುವ ವ್ಯವಸ್ಥೆಯೆಂದರೆ ಅಕ್ಟೋಬರ್‌ನಿಂದ ಮೇವರೆಗೆ ಸೋಲಾರ್ ವಾಟರ್ ಹೀಟರ್, ಮಳೆಗಾಲದ ನಾಲ್ಕು ತಿಂಗಳು ಸುಧಾರಿತ ಹಂಡೆ ಒಲೆ. ಸೋಲಾರ್ ತೊಟ್ಟಿಯೊಳಗೇ ವಿದ್ಯುತ್ ಕಾಯಿಲ್ ಇರಿಸಿಕೊಂಡು ಮಳೆಗಾಲದಲ್ಲಿ ಅದನ್ನೇ ಹಾಕುವ ರೂಢಿ ಅನೇಕ ಮನೆಗಳಲ್ಲಿದೆ. ಇದು ದುಬಾರಿ. ಇಬ್ಬರ ಸ್ನಾನಕ್ಕೆಂದು ಸ್ವಿಚ್ ಒತ್ತಿದರೂ ಅದು 200 ಲೀಟರನ್ನೂ ಕಾಯಿಸತೊಡಗುತ್ತದೆ. 20ರಿಂದ 60 ಡಿಗ್ರಿಗೆ ಏರಿಸಲು ಒಮ್ಮೆಗೆ 9.3 ಯೂನಿಟ್ ಬೇಕು. ಬೇಸಿಗೆಯಲ್ಲಿ ಉಳಿಸಿದ್ದೆಲ್ಲ ಆಷಾಢದಲ್ಲಿ ಕರಗಿಹೋಗುತ್ತದೆ. ಒಲೆ ಬೇಡವೆನ್ನುವವರು ನಲ್ಲಿಯ ಬಳಿ ಪ್ರತ್ಯೇಕ ಚಿಕ್ಕ ಗೀಸರನ್ನು ಇರಿಸಿಕೊಳ್ಳುವುದು ಲೇಸು. ಹೋಂಸ್ಟೇ ನಡೆಸುವ ಸದಸ್ಯರಿಗೆ ಮಾತ್ರ ಬೇರೆ ಮಾತು. ಹನ್ನೆರಡು ಅತಿಥಿಗಳಿಗೆ ದಿನಕ್ಕೆ 400-500 ಲೀಟರ್ ಬೇಕಾಗುವ ಕಡೆ, ಅದರಲ್ಲೂ ಮಳೆ ನೋಡಲೆಂದೇ ಜನ ಬರುವ ಕಡೆ, ಸುತ್ತಲಿನ ಗಾಳಿಯಿಂದ ಶಾಖ ಎಳೆಯುವ ಹೀಟ್ ಪಂಪ್ ಪರಿಶೀಲನೆಗೆ ಅರ್ಹ. ಗೀಸರ್ ನುಂಗುವ ವಿದ್ಯುತ್ತಿನ ಮೂರನೆಯ ಒಂದು ಪಾಲಿನ ಆಸುಪಾಸಿನಲ್ಲಿ ಅದು ಕೆಲಸ ಮಾಡುತ್ತದೆ.

200 ಯೂನಿಟ್ಟಿನ ಗಡಿ

ಸೋಲಾರ್ ಹೀಟರಿನಿಂದ ಎಷ್ಟು ಉಳಿಯುತ್ತದೆ ಎಂಬುದು ಹೀಟರಿಗಿಂತ ಹೆಚ್ಚಾಗಿ ಗೃಹಜ್ಯೋತಿಯನ್ನು ಅವಲಂಬಿಸಿದೆ. 2023ರ ಜುಲೈ ತಿಂಗಳ ಬಳಕೆಯಿಂದ ಆರಂಭವಾದ ಈ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಪ್ರತಿ ಮನೆಗೂ ಒಂದು ಅರ್ಹ ಮಿತಿಯನ್ನು ನಿಗದಿಪಡಿಸಲಾಗಿದೆ. (48 ಯೂನಿಟ್ಟಿಗಿಂತ ಕಡಿಮೆ ಸರಾಸರಿಯವರಿಗೆ ಶೇ. 10ರ ಬದಲು 10 ಯೂನಿಟ್ ಸೇರಿಸುವ ತಿದ್ದುಪಡಿ 2024ರಲ್ಲಿ ಬಂದಿತು.) ಬಳಕೆಯು ಈ ಮಿತಿಯೊಳಗಿದ್ದರೆ ಬಿಲ್ಲು ಶೂನ್ಯ. ಮಿತಿ ಮೀರಿ 200ರೊಳಗಿದ್ದರೆ ಹೆಚ್ಚುವರಿಗಷ್ಟೇ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ಕಟ್ಟಬೇಕು.

ಗೀಸರ್ ಸಮೇತ ಅರ್ಹ ಮಿತಿಯೊಳಗೇ ಇರುವ ಮನೆಗೆ ಸೋಲಾರ್ ಹೀಟರಿನಿಂದ ಒಂದು ರೂಪಾಯಿಯೂ ಉಳಿಯದು. ಕರೆಂಟು ಹೋದ ದಿನ ಬಿಸಿನೀರು ಸಿಗಲೆಂದು ಹಾಕಿಸಿಕೊಳ್ಳಬಹುದು. ಅದನ್ನು ಹೂಡಿಕೆ ಎನ್ನಬಾರದು.

ಎರಡನೆಯ ಮನೆಯನ್ನು ನೋಡಿ. 2022-23ರಲ್ಲಿ ಸರಾಸರಿ 127 ಯೂನಿಟ್ ಇದ್ದು ಮಿತಿ 140 ಆಗಿದೆ. ಆಮೇಲೆ ಗೀಸರ್ ಬಂದು ಬಳಕೆ 250ಕ್ಕೆ ಏರಿದೆ. ಮಂಜೂರಾದ ಲೋಡ್ 3 ಕಿಲೋವ್ಯಾಟ್ ಆಗಿದ್ದರೆ, ಕಿಲೋವ್ಯಾಟಿಗೆ ರೂ. 145ರಂತೆ ನಿಗದಿತ ಶುಲ್ಕ ರೂ. 435, ಯೂನಿಟ್ಟಿನ ಬಾಬ್ತು ರೂ. 1,625, ಒಟ್ಟು ತಿಂಗಳಿಗೆ ರೂ. 2,060. ಗೀಸರಿನ 125 ಯೂನಿಟ್ ತೆಗೆದುಹಾಕಿದೊಡನೆ ಬಳಕೆ 125ಕ್ಕೆ ಇಳಿದು ಬಿಲ್ಲು ಶೂನ್ಯವಾಗುತ್ತದೆ. ಬಿಸಿಲಿನ ಎಂಟು ತಿಂಗಳು ಮಾತ್ರ ಲೆಕ್ಕ ಹಿಡಿದರೂ ರೂ. 16,480 ಉಳಿತಾಯ, ಮಳೆಗಾಲದಲ್ಲಿ ಹಂಡೆ ಹಚ್ಚಿದರೆ ರೂ. 24,720. ರೂ. 35,000ದ 200 ಲೀಟರ್ ಹೀಟರ್ ಸುಮಾರು ಒಂದೂವರೆಯಿಂದ ಎರಡು ವರ್ಷದಲ್ಲಿ ತನ್ನ ಬೆಲೆಯನ್ನು ತೀರಿಸುತ್ತದೆ. ಈ ಮನೆಗೆ ಛಾವಣಿಯ ಮೇಲೆ ಸೌರಫಲಕದ ಅಗತ್ಯವೇ ಇಲ್ಲ. ಇಂತಹ ಮನೆಯವರಿಗೆ 3 ಕಿಲೋವ್ಯಾಟ್ ಘಟಕವನ್ನು ಮಾರುವವರು ಇದ್ದಾರೆ ಎಂಬುದೇ ಈ ಲೇಖನ ಬರೆಯಲು ಕಾರಣ. ಸರ್ಕಾರದ ನೀತಿ ನಾಳೆ ಬದಲಾಗಬಹುದೆಂಬ ಆಕ್ಷೇಪ ಸರಿಯೇ. ಆದರೆ ಎರಡು ವರ್ಷದಲ್ಲಿ ತೀರುವ ಹೂಡಿಕೆಗೆ ಆ ಭಯ ಕಡಿಮೆ.

ತಿಂಗಳಿಗೆ 350 ಯೂನಿಟ್ ಬಳಸುವ, ಗೃಹಜ್ಯೋತಿಯ ಹೊರಗಿರುವ ದೊಡ್ಡ ಮನೆಗೆ ಹೀಟರಿನಿಂದ ಎಂಟು ತಿಂಗಳಲ್ಲಿ ಉಳಿಯುವುದು ರೂ. 6,500. ಅಸಲು ಹಿಂದಿರುಗಲು ಐದು ವರ್ಷ ನಾಲ್ಕೈದು ತಿಂಗಳು ಬೇಕು. ಸೌರಫಲಕದ ವಿಚಾರ ನಿಜವಾಗಿ ಏಳುವುದು ಈ ಮನೆಗೆ.

ಫಲಕ ಹಾಕಿಸುವುದೇ ಆದರೆ

ಸೂರ್ಯಘರ್ ಯೋಜನೆಯ ಕೇಂದ್ರ ಸಹಾಯಧನ ಮೊದಲ 2 ಕಿಲೋವ್ಯಾಟಿಗೆ ತಲಾ ರೂ. 30,000, ಮೂರನೆಯದಕ್ಕೆ ರೂ. 18,000, ಗರಿಷ್ಠ ರೂ. 78,000. ಗೃಹಬಳಕೆಯ ಸಂಪರ್ಕಕ್ಕೆ ಮಾತ್ರ, ದೇಶದಲ್ಲೇ ತಯಾರಾದ ಫಲಕಕ್ಕೆ ಮಾತ್ರ, ನೋಂದಾಯಿತ ಮಾರಾಟಗಾರರಿಂದ ಮಾತ್ರ. ಘಟಕ ಚಾಲನೆಯಾದ ಮೇಲೆ ಹಣ ಗ್ರಾಹಕರ ಬ್ಯಾಂಕ್ ಖಾತೆಗೆ ಬರುತ್ತದೆ. ಆದ್ದರಿಂದ ಆರಂಭದಲ್ಲಿ ಪೂರ್ತಿ ಮೊತ್ತವನ್ನು, ಇಲ್ಲವೇ ಬ್ಯಾಂಕಿನ ಸಾಲವನ್ನು ಹೊಂದಿಸಿಕೊಳ್ಳಬೇಕು.

ಕರ್ನಾಟಕದಲ್ಲಿ ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್ ಎಂಬುದು ಸಾಮಾನ್ಯ ಅಂದಾಜು. ನಮ್ಮ ಮಳೆಗಾಲವನ್ನು ಗಮನದಲ್ಲಿಟ್ಟು ನಾನು ವರ್ಷಕ್ಕೆ 1,200 ಯೂನಿಟ್ ಎಂದಷ್ಟೇ ಹಿಡಿಯುತ್ತೇನೆ. 350 ಯೂನಿಟ್ಟಿನ ಮನೆಗೆ ರೂ. 1,95,000 ವೆಚ್ಚದಲ್ಲಿ 3 ಕಿಲೋವ್ಯಾಟ್ ಹಾಕಿಸಿದರೆ ಸಹಾಯಧನ ಕಳೆದು ರೂ. 1,17,000, ವಾರ್ಷಿಕ 3,600 ಯೂನಿಟ್ಟಿನಿಂದ ಉಳಿತಾಯ ರೂ. 23,400, ಅವಧಿ ಐದು ವರ್ಷ. ಇದರ ಬದಲು ಹೀಟರ್ ಮತ್ತು 2 ಕಿಲೋವ್ಯಾಟ್ ಘಟಕ ಎರಡನ್ನೂ ಹಾಕಿಸಿದರೆ ವೆಚ್ಚ ರೂ. 35,000 ಮತ್ತು ರೂ. 80,000, ಒಟ್ಟು ರೂ. 1,15,000, ಉಳಿತಾಯ ರೂ. 22,100. ಎರಡೂ ಬಹುತೇಕ ಸಮ. ಸೋಲಾರ್ ಹೀಟರಿಗಿದ್ದ ಕೇಂದ್ರದ ಸಹಾಯಧನ ಹಿಂದಿನ ದಶಕದಲ್ಲೇ ನಿಂತುಹೋಗಿ ಫಲಕಕ್ಕೆ ಮಾತ್ರ ಸಿಗುತ್ತಿರುವುದೇ ಈ ಸಮತ್ವಕ್ಕೆ ಕಾರಣ.

ಹಣ ಸಮವಾದಾಗ ಉಳಿದ ಸಂಗತಿಗಳು ತೂಕಕ್ಕೆ ಬರುತ್ತವೆ. ಸಾಮಾನ್ಯ ಗ್ರಿಡ್ ಜೋಡಣೆಯ ಘಟಕವು ಮೆಸ್ಕಾಂ ಲೈನಿನಲ್ಲಿ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ತಂತಿಯ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗಳ ಸುರಕ್ಷತೆಗಾಗಿ ಅದನ್ನು ಹಾಗೆ ರೂಪಿಸಲಾಗಿದೆ. “ಸೋಲಾರ್ ಹಾಕಿಸಿದರೂ ಕತ್ತಲೆಯೇ” ಎಂಬ ದೂರಿನ ಮೂಲ ಇದು. ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರ್ ಹಾಕಿಸಿದರೆ ದೀಪ, ಫ್ಯಾನು ನಡೆಯುತ್ತವೆ. ಆದರೆ ಆ ಹೆಚ್ಚುವರಿ ವೆಚ್ಚಕ್ಕೆ ಪ್ರತ್ಯೇಕ ಸಹಾಯಧನವಿಲ್ಲ. ಗೀಸರನ್ನಂತೂ ಅದರಿಂದ ನಡೆಸುವ ಯೋಚನೆ ಬೇಡ. ಸೋಲಾರ್ ಹೀಟರಿಗೆ ಈ ಯಾವ ತಾಪತ್ರಯವೂ ಇಲ್ಲ.

ಬಳಕೆಗಿಂತ ಹೆಚ್ಚು ಉತ್ಪಾದಿಸಿ ಮಾರುವ ಆಸೆಯೂ ಬೇಡ. ಹೆಚ್ಚುವರಿ ಯೂನಿಟ್ಟಿಗೆ ಸಿಗುವ ದರ ನಾವು ಕಟ್ಟುವ ದರಕ್ಕಿಂತ ಬಹಳ ಕಡಿಮೆ. ಬಳಕೆ 200ರ ಆಸುಪಾಸಿನಲ್ಲಿರುವವರು ನೆಟ್ ಮೀಟರ್ ಬಂದ ಮೇಲೆ ತಮ್ಮ ಗೃಹಜ್ಯೋತಿ ಮಿತಿಯನ್ನು ಹೇಗೆ ಲೆಕ್ಕ ಹಾಕುತ್ತಾರೆಂದು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಮೆಸ್ಕಾಂ ಕಚೇರಿಯಿಂದ ಲಿಖಿತವಾಗಿ ಪಡೆದುಕೊಳ್ಳಬೇಕು.

ಸಂಸ್ಥೆಯ ಪುಸ್ತಕಕ್ಕೆ ಬರೆಯುವವರಿಗೆ

ಕೆಳಗೆ ಅಂಗಡಿ, ಮೇಲೆ ಮನೆ ಇರುವ ಸದಸ್ಯರು ಮನೆಯ ಘಟಕವನ್ನು ಸಂಸ್ಥೆಯ ಹೆಸರಿನಲ್ಲಿ ಖರೀದಿಸುವ ಬಗ್ಗೆ ವಿಚಾರಿಸುತ್ತಾರೆ. ಅಂಗಡಿಯ ವಾಣಿಜ್ಯ ಸಂಪರ್ಕಕ್ಕೆ ಸಹಾಯಧನವಿಲ್ಲ; ಮನೆಯ ಬಳಕೆಗೆ ಸವಕಳಿಯೂ ಇಲ್ಲ, ಜಿ.ಎಸ್.ಟಿ. ಹೂಡುವಳಿ ತೆರಿಗೆಯ ಜಮೆಯೂ ಇಲ್ಲ. ಎರಡನ್ನೂ ಬೆರೆಸಿ ಎರಡು ಕಡೆಯ ಲಾಭ ಪಡೆಯಲೆತ್ನಿಸುವುದು ನೋಟಿಸಿಗೆ ಆಹ್ವಾನ.

ಅಂಗಡಿ ಅಥವಾ ಕಾಫಿ ಪಲ್ಪಿಂಗ್ ಘಟಕದ ಮೇಲೆ ವ್ಯವಹಾರಕ್ಕಾಗಿಯೇ ಹಾಕಿಸಿದ್ದಕ್ಕೆ ಸವಕಳಿ ದರ ಶೇ. 40, 2017ಕ್ಕೆ ಮೊದಲು ಶೇ. 80 ಇತ್ತು. ರೂ. 2,00,000ದ ಘಟಕಕ್ಕೆ ಮೊದಲ ವರ್ಷ ರೂ. 80,000 ಸವಕಳಿ, ಪಾಲುದಾರಿಕೆ ಸಂಸ್ಥೆಗೆ ಸುಮಾರು ರೂ. 25,000 ತೆರಿಗೆ ಉಳಿತಾಯ. ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ. ಅಂದಾಜು ಆದಾಯ ಪದ್ಧತಿಯಲ್ಲಿ ತೆರಿಗೆ ಕಟ್ಟುವ ಸಣ್ಣ ವರ್ತಕರಿಗೆ ಪ್ರತ್ಯೇಕ ಸವಕಳಿ ದೊರೆಯುವುದಿಲ್ಲ. ತಾವೇ ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿ ಮಾರುವ ಬೆಳೆಗಾರರಿಗೆ ಆದಾಯದ ಶೇ. 25 ಮಾತ್ರ ಕೇಂದ್ರದ ತೆರಿಗೆಗೆ ಒಳಪಡುವುದರಿಂದ ಸವಕಳಿಯ ಪ್ರಯೋಜನವೂ ಅಷ್ಟೇ ಪ್ರಮಾಣಕ್ಕೆ ಇಳಿಯುತ್ತದೆ. ಮಾರಾಟಗಾರರ ಕರಪತ್ರದಲ್ಲಿ ಈ ಸಾಲು ಕಾಣಸಿಗದು.

ಕೊಟೇಶನ್ ಬಂದಾಗ ತೆರಿಗೆಯ ಸಾಲನ್ನು ಓದಿ. 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಅಳವಡಿಕೆ ಸಮೇತ ಗುತ್ತಿಗೆಯಲ್ಲಿ ಶೇ. 70 ಭಾಗಕ್ಕೆ 5, ಉಳಿದ ಶೇ. 30ಕ್ಕೆ 18ರಂತೆ ಒಟ್ಟು ಶೇ. 8.9 ಆಗಬೇಕು. ಹಳೆಯ ಶೇ. 13.8 ಹಾಕಿದ್ದರೆ ಲಕ್ಷಕ್ಕೆ ರೂ. 4,900 ಹೆಚ್ಚು ಕೊಟ್ಟಂತೆ.

ಸ್ಥಳ ನೋಡುವಾಗ

ಬಿಸಿಲು ಬೀಳುತ್ತದೆಯೇ ಎಂದು ಏಪ್ರಿಲ್‌ನಲ್ಲಿ ನೋಡಿದರೆ ಸಾಲದು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ 15 ಮೀಟರ್ ಎತ್ತರದ ಸಿಲ್ವರ್ ಓಕ್ ಮಧ್ಯಾಹ್ನವೇ ಉತ್ತರಕ್ಕೆ 11 ಮೀಟರ್ ನೆರಳು ಚಾಚುತ್ತದೆ. ಬೆಳಿಗ್ಗೆ ಅದಕ್ಕೂ ಉದ್ದ. ಬಿಸಿನೀರು ಹೆಚ್ಚು ಬೇಕಾಗುವುದೂ ಆ ತಿಂಗಳಲ್ಲೇ. ತುಂಬಿದ 200 ಲೀಟರ್ ತೊಟ್ಟಿಯಲ್ಲಿ ನೀರೇ ಎರಡು ಕ್ವಿಂಟಾಲ್ ತೂಗುವುದರಿಂದ ಮಂಗಳೂರು ಹೆಂಚಿನ ಮಾಡಿನ ಮೇಲೆ ಅದನ್ನು ಇಡಲಾಗದು. ಬಚ್ಚಲುಮನೆಗೆ ಆರ್.ಸಿ.ಸಿ. ತಾರಸಿ ಇದ್ದರೆ ಅಲ್ಲಿಯೇ ಕೂಡಿಸಿ. ಮುಕ್ಕಾಲು ಇಂಚಿನ ಪೈಪು 25 ಮೀಟರ್ ಓಡಿದರೆ ಪ್ರತಿ ಸಲವೂ ಮೊದಲ ಏಳು ಲೀಟರ್ ತಣ್ಣೀರು ಚೆಲ್ಲಿಹೋಗುತ್ತದೆ. ಮಂಗಗಳ ಕಾಟವಿರುವ ಕಡೆ ಗಾಜಿನ ಕೊಳವೆಯ ಹೀಟರಿಗಿಂತ ದಪ್ಪ ಗಾಜು ಹೊದಿಸಿದ ಚಪ್ಪಟೆ ಫಲಕದ ಹೀಟರ್ ಬಾಳಿಕೆ ಬರುತ್ತದೆ. ಹೂಮಳೆಯ ಸಿಡಿಲು ಆರಂಭವಾಗುವ ಮುನ್ನ ಅರ್ಥಿಂಗ್ ಪರೀಕ್ಷಿಸಿ. ಮಳೆ ನಿಂತ ಅಕ್ಟೋಬರಿನಲ್ಲಿ ಫಲಕದ ಮೇಲಿನ ಪಾಚಿಯನ್ನು ಮೃದುವಾದ ಬಟ್ಟೆಯಿಂದ ತೊಳೆಸಿ. ನಿರ್ವಹಣೆಯ ಐದು ವರ್ಷಗಳ ಹೊಣೆ ಮಾರಾಟಗಾರರದ್ದೆಂದು ಒಪ್ಪಂದದಲ್ಲಿ ಬರೆಸಿಕೊಂಡು, ಕೊನೆಯ ಕಂತನ್ನು ನೆಟ್ ಮೀಟರ್ ತಿರುಗಿದ ಮೇಲಷ್ಟೇ ಪಾವತಿಸಿರಿ.