ಬಾಡಿಗೆಗಿಂತ ಅಡ್ವಾನ್ಸೇ ಭಾರ

ಬೆಂಗಳೂರಲ್ಲಿ ಕೆಲಸ ಸಿಕ್ಕರೆ ಸಾಕಪ್ಪಾ ಅನ್ನುವವರು ನಾವು ಯಲ್ಲದಕೆರೆ ಕಡೆ ಹುಡುಗರು. ಆದರೆ ಮೊದಲ ಸಂಬಳಕ್ಕಿಂತ ಮುಂಚೆ ಮನೆ ಬೇಕಲ್ಲ? ಇಂಟರ್ನ್‌ಶಿಪ್‌ಗೆಂದು ಹೋಗಿ ಗೆಳೆಯರು ಮೂವರು ಬೀದಿ ಬೀದಿಯ ಟು-ಲೆಟ್ ಬೋರ್ಡ್ ನೋಡಿದೆವು. ‘ಬ್ಯಾಚುಲರ್‌ಗಳಿಗೆ ಕೊಡಲ್ಲ’ ಎಂಬ ಮಾತು ದಾಟಿದ ಮೇಲೆ ಒಂದು ಮನೆ ಸಿಕ್ಕಿತು. ಬಾಡಿಗೆ 15,000. ತಲೆಗೆ 5,000, ಹೇಗೋ ಆದೀತು. ಅಡ್ವಾನ್ಸ್ ಮಾತ್ರ ಹತ್ತು ತಿಂಗಳದ್ದು, ಒಂದೂವರೆ ಲಕ್ಷ! ಬೆಂಗಳೂರಿನ ಹಳೇ ವಾಡಿಕೆಯಂತೆ.

ತೆಂಗು, ಶೇಂಗಾ ನಂಬಿದ ಮನೆಯಲ್ಲಿ 50,000 ಒಟ್ಟಿಗೆ ಬೇಕೆಂದರೆ ಕೈಸಾಲವೇ ಗತಿ. ನೂರಕ್ಕೆ ಎರಡು ರೂಪಾಯಿ ಬಡ್ಡಿ ಹಿಡಿದರೂ ತಿಂಗಳಿಗೆ 1,000. ಮಾಲೀಕರ ಬಳಿಯಿರುವ ಹಣಕ್ಕೆ ನಮಗೆ ಬಡ್ಡಿಯಿಲ್ಲ. ಅಂದಮೇಲೆ ನನ್ನ ಪಾಲಿನ ನಿಜವಾದ ಬಾಡಿಗೆ 6,000!

ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯಬಾರದು ಎನ್ನುತ್ತದೆ. ಅದು ಮಾದರಿ ಅಷ್ಟೇ, ರಾಜ್ಯ ಅದರಂತೆ ಕಾಯ್ದೆ ಮಾಡಿದರಷ್ಟೇ ಕಡ್ಡಾಯ.

ಮನೆ ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವುದೂ ಉಂಟು. ಎಷ್ಟು ಹಿಡಿಯುತ್ತಾರೆ, ಉಳಿದದ್ದು ಯಾವಾಗ ಕೊಡುತ್ತಾರೆ ಎಂಬುದನ್ನು 11 ತಿಂಗಳ ಕರಾರುಪತ್ರದಲ್ಲೇ ಬರೆಸಿ. ಅಡ್ವಾನ್ಸ್ ಬ್ಯಾಂಕ್ ಖಾತೆಗೇ ಹಾಕಿ, ದಾಖಲೆ ಇರುತ್ತದೆ.

ನಾವು ಆ ಮನೆ ಬಿಟ್ಟು ಪಿ.ಜಿ. ಸೇರಿದೆವು. ಒಂದು ತಿಂಗಳ ಅಡ್ವಾನ್ಸ್, ಊಟವೂ ಅಲ್ಲೇ (ಮುದ್ದೆ ಮಾತ್ರ ಕೇಳಬೇಡಿ). ಮುಂದಿನ ವರ್ಷ ಬಿ.ಇ. ಮುಗಿಸಿ ಮತ್ತೆ ಹೋಗಬೇಕು. ಎರಡು-ಮೂರು ತಿಂಗಳ ಅಡ್ವಾನ್ಸ್ ಸಾಕೆನ್ನುವ ಮಾಲೀಕರು ಸಿಕ್ಕರೆ, ಬಸ್ ಸ್ಟಾಪಿನಿಂದ ಎರಡು ಕಿಲೋಮೀಟರ್ ನಡೆಯಲೂ ನಾನು ತಯಾರು.