ನೀರಿನಂಚಿನ ಆಟದ ಬಯಲು

ಕ್ರೀಡಾಂಗಣವು ಒಂದು ಬಡಾವಣೆಯನ್ನು ಒಡೆಯಲೂಬಹುದು, ಕೂಡಿಸಲೂಬಹುದು. ಎತ್ತರದ ಗೋಡೆ, ಸುತ್ತಲೂ ಮೋಟಾರು ನಿಲ್ಲಿಸುವ ಬಯಲು, ಪಂದ್ಯವಿಲ್ಲದ ದಿನ ಮುಚ್ಚಿದ ಬಾಗಿಲು: ಇಷ್ಟಾದರೆ ನೆರೆಯ ಬೀದಿಗಳಿಗೆ ಅದು ಅಡ್ಡಿಯೇ ಸರಿ. ಹಾಗಾಗದಂತೆ ಕಟ್ಟುವುದು ಹೇಗೆಂಬುದಕ್ಕೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಉದಾಹರಣೆಯನ್ನು ನೋಡೋಣ.

ಆ ನಗರದ ಪೂರ್ವಕ್ಕೆ ಕೊಲ್ಲಿಯಿದೆ. ಸರಕಿನ ಹಡಗುಗಳು ಎದುರು ದಡದ ಓಕ್ಲೆಂಡ್ ಬಂದರಿಗೆ ಸರಿದ ಮೇಲೆ ಈ ಕಡೆಯ ಕಟ್ಟೆಗಳೂ ಉಗ್ರಾಣಗಳೂ ಬಣಗುಟ್ಟಿದುವು. ಅದಕ್ಕೂ ಮೊದಲೇ, 1950ರ ದಶಕದಲ್ಲಿ, ಪೇಟೆಯ ಮುಂದಿನ ದಂಡೆಯ ಮೇಲೆ ಎರಡು ಅಂತಸ್ತಿನ ಹೆದ್ದಾರಿಯನ್ನು ಎತ್ತಿ ನಿಲ್ಲಿಸಿದ್ದರು. ಪೇಟೆಯವರಿಗೂ ನೀರಿಗೂ ನಡುವೆ ಕಾಂಕ್ರೀಟಿನ ತೆರೆ ಬಿದ್ದಿತ್ತು. 1989ರ ಅಕ್ಟೋಬರ್ 17ರ ಭೂಕಂಪ ಆ ಹೆದ್ದಾರಿಯನ್ನು ಘಾಸಿಗೊಳಿಸಿತು. 1991ರಲ್ಲಿ ಅದನ್ನು ಕೆಡವತೊಡಗಿದರು. ಅದರ ಜಾಗದಲ್ಲಿ ಮರಗಳ ಸಾಲಿನ ಬೀದಿಯೂ ಟ್ರಾಮ್ ಹಳಿಗಳೂ ಬಂದುವು.

ಅದೇ ದಂಡೆಯ ದಕ್ಷಿಣಕ್ಕಿರುವ ಚೈನಾ ಬೇಸಿನ್ ಎಂಬಲ್ಲಿ ಬೇಸ್‌ಬಾಲ್ ಕ್ರೀಡಾಂಗಣ ಕಟ್ಟುವ ಸಲಹೆಯನ್ನು ಪೌರರು 1989ರಲ್ಲಿ ಮತದಾನದಿಂದ ತಿರಸ್ಕರಿಸಿದ್ದರು. 1996ರಲ್ಲಿ ಅವರೇ ಒಪ್ಪಿದರು. ಈ ಸಲ ಕಟ್ಟಡದ ವೆಚ್ಚದ ಬಹುಪಾಲನ್ನು ಖಾಸಗಿ ಹಣವೇ ಹೊತ್ತಿತು. ನೆಲವು ಬಂದರಿನದಾಗಿಯೇ ಉಳಿದು ಗುತ್ತಿಗೆಗೆ ಹೋಯಿತು. 2000ದ ಏಪ್ರಿಲಿನಲ್ಲಿ ಆಟ ಮೊದಲಾಯಿತು.

ಜಾಗವಿದ್ದುದು ಸುಮಾರು 13 ಎಕರೆ ಮಾತ್ರ. ಬಲಗಡೆಯ ಅಂಕಣ ನೀರಿಗೆ ತಗುಲಿ ಮೊಟಕಾಯಿತು: ಗಡಿಗಂಬಕ್ಕೆ 309 ಅಡಿಯಷ್ಟೇ. ಆದ್ದರಿಂದ ಅಲ್ಲಿ ಸುಮಾರು 24 ಅಡಿಯ ಗೋಡೆ ಎಬ್ಬಿಸಿದರು. ಹಿರಿಯ ಆಟಗಾರ ವಿಲ್ಲಿ ಮೇಸ್ ಧರಿಸುತ್ತಿದ್ದ ಅಂಕಿಯೂ 24! ಗೋಡೆ ದಾಟಿದ ಚೆಂಡು ಕೆಲವೊಮ್ಮೆ ನೇರವಾಗಿ ನೀರಿಗೆ ಬೀಳುತ್ತದೆ. ದೋಣಿಗಳಲ್ಲಿ ಬಲೆ ಹಿಡಿದು ಕಾಯುವವರೂ ಇದ್ದಾರೆ. ಗಾಳಿಯ ಕಾಟವೂ ಇತ್ತು. ಗಾಳಿಸುರಂಗದಲ್ಲಿ ಮಾದರಿಯನ್ನಿಟ್ಟು ಪರೀಕ್ಷಿಸಿ ಅಂಗಣದ ದಿಕ್ಕನ್ನು ನಿಶ್ಚಯಿಸಿದರು.

ಇವೆಲ್ಲಕ್ಕಿಂತ ನಮ್ಮ ಮನಸ್ಸಿಗೆ ಹಿಡಿಸುವುದು ಇನ್ನೊಂದು ಸಂಗತಿ. ಆ ಗೋಡೆಗೂ ನೀರಿಗೂ ನಡುವೆ ಸಾರ್ವಜನಿಕ ಕಾಲುದಾರಿಯಿದೆ. ಗೋಡೆಯ ಕಮಾನುಗಳಲ್ಲಿ ಜಾಲರಿ ಹಾಕಿದ್ದಾರೆ. ಹಾದಿಹೋಕನು ಅಲ್ಲಿ ನಿಂತು ಕಾಸು ಕೊಡದೆ ಆಟ ನೋಡಬಹುದು. ಜನ ಹೆಚ್ಚಾದರೆ ಕೆಲಹೊತ್ತಿನ ಮೇಲೆ ಹಿಂದಿನವರಿಗೆ ಜಾಗ ಬಿಡಬೇಕು, ಅಷ್ಟೆ. ಬೇಲಿಯ ಸಂದಿನಲ್ಲಿ ಕಣ್ಣಿಟ್ಟು ಪಂದ್ಯ ನೋಡಿದ ನಿಮ್ಮ ಬಾಲ್ಯವನ್ನು ಒಮ್ಮೆ ನೆನೆದುಕೊಳ್ಳಿ. ಇಲ್ಲಿ ಆ ಸಂದನ್ನು ಶಿಲ್ಪಿಗಳೇ ಬೇಕೆಂದು ಬಿಟ್ಟಿದ್ದಾರೆ.

ಸುಮಾರು 41,000 ಆಸನಗಳಿದ್ದರೂ ಮೋಟಾರು ನಿಲುಗಡೆಗೆ ಹೆಚ್ಚಿನ ಜಾಗ ಕೊಡಲಿಲ್ಲ. ಟ್ರಾಮ್ ಬಾಗಿಲಿಗೇ ಬರುತ್ತದೆ, ರೈಲು ನಿಲ್ದಾಣ ನಡೆದು ಹೋಗುವಷ್ಟು ದೂರ, ದೋಣಿಗಟ್ಟೆ ಬೆನ್ನಿಗೇ ಇದೆ. ಹೀಗೆ ಜನ ಬೀದಿಗಳ ಮೂಲಕ ನಡೆದು ಬರುವುದರಿಂದ ಅಂಗಡಿಗಳಿಗೂ ಜೀವ ಬಂದಿತು.

ಆದರೆ ಲಾಭವೊಂದನ್ನೇ ಲೆಕ್ಕ ಹಾಕಬಾರದು. ಹೊಸ ಕಟ್ಟಡಗಳು ಏಳುತ್ತ ಬಂದಂತೆ ಸುತ್ತಮುತ್ತ ಮನೆ ಬಾಡಿಗೆಯೂ ಏರಿತು. ಹಳೆಯ ಉಗ್ರಾಣಗಳ ಕೆಲಸವೂ ಮರೆಯಾಯಿತು. ಬಡಾವಣೆಯನ್ನು ನೀರಿಗೆ ಕೂಡಿಸುವುದು ಶಿಲ್ಪಿಯ ಕೈಯಲ್ಲಿದೆ. ಅಲ್ಲಿಯ ಜನರನ್ನು ಅಲ್ಲಿಯೇ ಉಳಿಸುವುದು ಅವನೊಬ್ಬನ ಕೈಯಲ್ಲಿಲ್ಲ. ನಿಮ್ಮ ಊರಿನಲ್ಲಿ ಕ್ರೀಡಾಂಗಣದ ನಕ್ಷೆಯನ್ನು ನೋಡುವ ಸಂದರ್ಭ ಬಂದಾಗ ಆಸನಗಳೆಷ್ಟೆಂದು ಕೇಳಿ. ಜೊತೆಗೆ, ಟಿಕೀಟಿಲ್ಲದವನಿಗೆ ದಾರಿಯೆಲ್ಲಿ ಎಂಬುದನ್ನೂ ಕೇಳಿ.