ಬೇವಿನ ಬೀಜವೂ ಒಬ್ಬ ಕೀಟಶಾಸ್ತ್ರಜ್ಞರ ಪರಿಶ್ರಮವೂ

ಸನ್ 1959ನೆಯ ಇಸವಿಯಲ್ಲಿ ಆಫ್ರಿಕಾ ಖಂಡದ ಸೂಡಾನ್ ದೇಶದ ಮೇಲೆ ಮಿಡತೆಗಳ ದಂಡು ಎರಗಿತು. ಕಂಡ ಹಸುರನ್ನೆಲ್ಲ ತಿಂದು ಬರಿದುಮಾಡಿದ ಆ ದಂಡು ಬೇವಿನ ಮರಗಳನ್ನು ಮಾತ್ರ ಉಳಿಸಿ ಹೋಯಿತು. ಇದನ್ನು ಕಣ್ಣಾರೆ ಕಂಡವರು ಅಲ್ಲಿ ಕೆಲಸದಲ್ಲಿದ್ದ ಜರ್ಮನಿಯ ಕೀಟಶಾಸ್ತ್ರಜ್ಞರಾದ ಹೈನ್ರಿಖ್ ಶ್ಮುಟ್ಟರರ್ ಎಂಬವರು. ನಮ್ಮ ಜನರಿಗೆ ಬೇವು ಯುಗಾದಿಯ ಬೆಲ್ಲದೊಡನೆಯೂ, ಕಜ್ಜಿ ತುರಿಗಳ ಔಷಧವಾಗಿಯೂ, ಕಣಜದ ಧಾನ್ಯದಲ್ಲಿ ಬೆರೆಸುವ ಒಣ ಎಲೆಯಾಗಿಯೂ ಚಿರಪರಿಚಿತವಾದುದು. ಪರಿಚಿತವಾದ್ದರಿಂದಲೇ ಅದರ ಗುಣಕ್ಕೆ ಕಾರಣವೇನೆಂದು ಕೇಳುವವರು ವಿರಳರು.

ಶ್ಮುಟ್ಟರರ್ ಅವರು ಆ ಪ್ರಶ್ನೆಯನ್ನು ಬಿಡಲಿಲ್ಲ. ಜರ್ಮನಿಯ ಗೀಸೆನ್ ವಿಶ್ವವಿದ್ಯಾನಿಲಯದಲ್ಲಿ ಶಿಷ್ಯರೊಡಗೂಡಿ ಬಹುಕಾಲ ಬೇವಿನ ಮೇಲೆ ಪರೀಕ್ಷೆಗಳನ್ನು ನಡೆಯಿಸಿದರು. ಬೇವಿನ ಸತ್ತ್ವವು ವಿಷದಂತೆ ಕೀಟವನ್ನು ಕೂಡಲೆ ಕೊಲ್ಲುವುದಿಲ್ಲ. ಮೇಯುವ ಇಚ್ಛೆಯನ್ನು ಕುಗ್ಗಿಸುತ್ತದೆ, ಎಳೆಯ ಹುಳು ಪೊರೆ ಕಳಚಿ ಬೆಳೆಯದಂತೆ ತಡೆಯುತ್ತದೆ. ಸಿಂಪಡಿಸಿದ ಮರುದಿನವೂ ಹುಳು ಜೀವದಿಂದಿರುವುದನ್ನು ಕಂಡು ಔಷಧವು ಕೆಲಸಕ್ಕೆ ಬಾರದೆನ್ನುವ ರೈತನು ಆತುರಪಟ್ಟವನೇ ಸರಿ. ಈ ಸತ್ತ್ವದ ಮುಖ್ಯಾಂಶವಾದ ಅಜಾಡಿರಾಕ್ಟಿನ್ ಎಂಬುದನ್ನು 1968ರಲ್ಲಿ ಇಂಗ್ಲೆಂಡಿನ ವಿದ್ವಾಂಸರು ಬೇರ್ಪಡಿಸಿದರು. 1980ರಲ್ಲಿ ಬೇವಿನ ಮೊದಲನೆಯ ಅಂತರರಾಷ್ಟ್ರೀಯ ಸಮ್ಮೇಳನವು ಜರ್ಮನಿಯಲ್ಲಿ ಕೂಡಿತು. ಮೂರನೆಯದು 1986ರಲ್ಲಿ ನೈರೋಬಿಯಲ್ಲಿ ನಡೆಯಿತು. ಶ್ಮುಟ್ಟರರ್ ಅವರು ಸಂಪಾದಿಸಿದ ಬೇವಿನ ಬೃಹದ್ಗ್ರಂಥವು 1995ರಲ್ಲಿ ಹೊರಬಿದ್ದಿತು.

ನಮ್ಮ ದೇಶವೂ ಹಿಂದೆ ಬಿದ್ದಿರಲಿಲ್ಲ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಧಾನ್ ಮತ್ತು ಅವರ ಸಹೋದ್ಯೋಗಿಗಳು ಬೇವಿನ ತಿರುಳನ್ನು ನೀರಿನಲ್ಲಿ ಕದಡಿ ಸಿಂಪಡಿಸಿದ ಪೈರಿನ ಮೇಲೆ ಮಿಡತೆಗಳು ಕುಳಿತರೂ ಮೇಯಲಿಲ್ಲವೆಂದು 1962ರಲ್ಲಿಯೇ ಪ್ರಕಟಿಸಿದ್ದರು. ಈ ಕಾರ್ಯಕ್ಕೆ ನಮ್ಮಲ್ಲಿ ಸಲ್ಲಬೇಕಾದಷ್ಟು ಮನ್ನಣೆ ಸಲ್ಲಲಿಲ್ಲ. ಮುಂದೆ 1994ರಲ್ಲಿ, ಬೇವಿನೆಣ್ಣೆಯಿಂದ ಬೂಷ್ಟುರೋಗವನ್ನು ತಡೆಯುವ ಕ್ರಮಕ್ಕೆ ಅಮೆರಿಕದ ಕೃಷಿ ಇಲಾಖೆಗೂ ಒಂದು ಕಂಪನಿಗೂ ಯೂರೋಪಿನಲ್ಲಿ ಪೇಟೆಂಟ್ ದೊರೆಯಿತು. ಇದು ಭಾರತದಲ್ಲಿ ಮೊದಲೇ ಬಳಕೆಯಲ್ಲಿದ್ದುದೆಂದು ವಂದನಾ ಶಿವ ಮೊದಲಾದವರು ತಕರಾರು ಹೂಡಿದ ಮೇಲೆ 2000ದಲ್ಲಿ ಆ ಪೇಟೆಂಟ್ ರದ್ದಾಯಿತು. 2005ರಲ್ಲಿ ಅಪೀಲೂ ವಜಾ ಆಯಿತು.

ಸಾವಯವ ಬೇಸಾಯದಲ್ಲಿ ಬೇವಿನ ಕಷಾಯಕ್ಕೆ ಅಡ್ಡಿಯಿಲ್ಲ. ಆದರೆ ಕೆಟ್ಟ ಬೀಜದಿಂದ ಒಳ್ಳೆಯ ಕಷಾಯವಾಗದು. ಮಳೆಗಾಲದ ಮೊದಲಲ್ಲಿ ಉದುರಿದ ಹಣ್ಣನ್ನು ಮಣ್ಣಿನಲ್ಲಿ ಕೊಳೆಯಗೊಡದೆ ಆರಿಸಿ, ತೊಳೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿ, ಗಾಳಿಯಾಡುವ ಚೀಲದಲ್ಲಿ ಇಡತಕ್ಕದ್ದು. ಬೂಷ್ಟು ಹಿಡಿದದ್ದನ್ನೂ ವರ್ಷ ಮೀರಿದ್ದನ್ನೂ ಬಿಡುವುದು ಮೇಲು. ಐದು ಕಿಲೋ ತಿರುಳಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಹತ್ತು ಲೀಟರು ನೀರಿನಲ್ಲಿ ರಾತ್ರಿಯಿಡೀ ನೆನೆಯಿಸಿ, ಬೆಳಗ್ಗೆ ಚೆನ್ನಾಗಿ ಹಿಂಡಿ, ಸ್ವಲ್ಪ ಸಾಬೂನು ಕರಗಿಸಿ, ಒಟ್ಟು ನೂರು ಲೀಟರು ಆಗುವಂತೆ ನೀರು ಸೇರಿಸಬೇಕು. ಬಿಸಿಲು ಈ ಸತ್ತ್ವವನ್ನು ಬೇಗ ಕೆಡಿಸುವುದರಿಂದ ಅಂದೇ ಸಂಜೆ, ಎಲೆಯ ಎರಡು ಮಗ್ಗುಲೂ ತೋಯುವಂತೆ ಸಿಂಪಡಿಸಿ ಮುಗಿಸತಕ್ಕದ್ದು.